ಹಂದಿ ಬಾರದ ರಾತ್ರಿಯನ್ನೂ ಬರೆದಿಡಿ

ಹೋದ ಮುಂಗಾರಲ್ಲಿ ಹಂದಿ ನುಗ್ಗಿ ನನ್ನ ಮುಸುಕಿನ ಜೋಳ ಅರ್ಧ ನೆಲಕಚ್ಚಿತು. ಪರಿಹಾರದ ಅರ್ಜಿ ಕೊಡಲು ಹೋದಾಗ "ಎಷ್ಟು ಸಲ ಬಂದವು?" ಅಂದ್ರು. "ದಿನಾ ಬರ್ತವೆ ಸಾರ್, ಲೆಕ್ಕಾನೇ ಇಲ್ಲ" ಅಂದೆ. ನಿಜವಾಗ್ಲೂ ನನ್ನ ಹತ್ರ ಲೆಕ್ಕ ಇರಲಿಲ್ಲ.

ಕಾಡುಪ್ರಾಣಿ ಎಣಿಸೋದು ಕೊಟ್ಟಿಗೆಯ ಕುರಿ ಎಣಿಸಿದಂಗಲ್ಲ. ಹಿಂದೆಲ್ಲ ಹೆಜ್ಜೆಗುರುತು ನೋಡಿ ಹುಲಿ ಲೆಕ್ಕ ಹಾಕುತ್ತಿದ್ದರು. ರಾಜಸ್ಥಾನದ ಸರಿಸ್ಕದಲ್ಲಿ ಕಾಗದದ ಮೇಲೆ ಹುಲಿಗಳಿದ್ದವು. 2005ರಲ್ಲಿ ಹುಡುಕಿದರೆ ಒಂದೂ ಇಲ್ಲ!

ಅದಕ್ಕೂ ಮೊದಲೇ ನಮ್ಮ ನಾಗರಹೊಳೆಯಲ್ಲಿ ಬೇರೆ ದಾರಿ ಸಿಕ್ಕಿತ್ತು. ಎಂಜಿನಿಯರಿಂಗ್ ಓದಿ, ಬೇಸಾಯ ಮಾಡಿ, ಆಮೇಲೆ ಹುಲಿ ಅಧ್ಯಯನಕ್ಕಿಳಿದ ಉಲ್ಲಾಸ ಕಾರಂತರು, ಪ್ರಾಣಿಸಂಖ್ಯೆಯ ಗಣಿತದಲ್ಲಿ ಪಳಗಿದ ಅಮೆರಿಕದ ಜೇಮ್ಸ್ ನಿಕೋಲ್ಸ್ ಜೊತೆ ಸೇರಿದರು. ಒಬ್ಬರಿಗೆ ಹುಲಿ ಓಡಾಡೋ ಜಾಡು ಗೊತ್ತು, ಇನ್ನೊಬ್ಬರಿಗೆ ಕಣ್ಣಿಗೆ ಬೀಳದ ಹುಲಿಯನ್ನು ಅಂದಾಜಿಸೋದು ಗೊತ್ತು. 1998ರಲ್ಲಿ ಇಬ್ಬರೂ ಆ ವಿಧಾನವನ್ನು ಪ್ರಕಟಿಸಿದರು.

ಲೆಕ್ಕ ಸರಳ. ಕೆರೆಯಲ್ಲಿ 50 ಮೀನು ಹಿಡಿದು, ಗುರುತು ಹಾಕಿ ಬಿಡಿ. ಕೆಲ ದಿನ ಬಿಟ್ಟು 40 ಹಿಡಿದಾಗ 10ರಲ್ಲಿ ಗುರುತಿದ್ದರೆ, ಅಂದ್ರೆ ಕಾಲು ಭಾಗ, ಕೆರೆಯಲ್ಲಿ ಸುಮಾರು 200 ಮೀನಿವೆ. ಹುಲಿಗೆ ಗುರುತು ಹಾಕಬೇಕಿಲ್ಲ, ಪಟ್ಟೆಯೇ ಗುರುತು. ಹಿಡಿಯೋ ಕೆಲಸ ಕ್ಯಾಮೆರಾದ್ದು.

ಇದು ಅಂದಾಜು, ಹಾಗಾಗಿ ಒಂದೇ ಸಂಖ್ಯೆ ಸಾಲದು. 2023ರಲ್ಲಿ ಕರ್ನಾಟಕದಲ್ಲಿ 6,395 ಆನೆ ಅಂತ ಸುದ್ದಿಯಾಯ್ತು. ವರದಿಯಲ್ಲಿ 5,914ರಿಂದ 6,877ರ ನಡುವೆ ಅಂತಿತ್ತು. ಅದನ್ನ ಓದಿದವರು ಎಷ್ಟು ಜನ?

ಹಂದಿಗೆ ಪಟ್ಟೆ ಇಲ್ಲ, ಒಂದನ್ನೊಂದು ಬೇರೆ ಮಾಡಿ ಗುರುತಿಸೋಕಾಗಲ್ಲ. ಆಗ ಎಷ್ಟು ದಿನ ನೋಡಿದಿರಿ, ಅದರಲ್ಲಿ ಎಷ್ಟು ದಿನ ಬಂದಿದ್ದವು ಅನ್ನೋದೇ ಮುಖ್ಯ. ನಾವೋ, ಹಾಳಾದ ದಿನ ಮಾತ್ರ ಫೋಟೋ ಹೊಡೆದು ವಾಟ್ಸಾಪಿಗೆ ಹಾಕ್ತೀವಿ. "ಐದು ಸಲ ಬಂತು" ಅಂದ್ರೆ 30 ದಿನದಲ್ಲಿ ಐದೋ, ಐದು ದಿನದಲ್ಲಿ ಐದೋ? ಎರಡೂ ಒಂದೇ ಅಲ್ಲವಲ್ಲ.

ಈ ಸಲ ಬಿತ್ತಿದ ದಿನದಿಂದ ಬೆಳಿಗ್ಗೆ ಬದು ಸುತ್ತಿ ಮೊಬೈಲಲ್ಲಿ ಒಂದು ಸಾಲು ಬರೀತಿದ್ದೀನಿ: ಬಂದಿದ್ದವು, ಬಂದಿರಲಿಲ್ಲ, ನಾನು ನೋಡಲಿಲ್ಲ. ಮೂರನೆಯದನ್ನು ಎರಡನೆಯದಕ್ಕೆ ಸೇರಿಸಬೇಡಿ. ನೋಡದೇ ಇದ್ದ ದಿನ ಹಂದಿ ಬರಲಿಲ್ಲ ಅಂತ ಅರ್ಥವಲ್ಲ. ಅಕ್ಕಪಕ್ಕದ ಹತ್ತು ಹೊಲದವರು ಹೀಗೆ ಬರೆದರೆ, ಸಂಶೋಧಕರ ಮುಂದಿಡೋಕೆ ನಮ್ಮೂರಿನದೇ ಲೆಕ್ಕ ಇರುತ್ತೆ. ಸದ್ಯಕ್ಕೆ ನಮ್ಮೂರಲ್ಲಿ ಮೂರು ಜನ ಆಗಿದ್ದೀವಿ.