ಸದ್ದು ಗದ್ದಲ: 192 ಅಂತ ಒತ್ತಿದ್ರೆ ಅಣ್ಣಾವ್ರ ದನಿ ಏರುತ್ತಾ?

ಈ ವಾರ ಕಡಬ ತಾಲೂಕಿನ ಇಚಿಲಂಪಾಡಿಯಿಂದ ಓದುಗ ಮಿತ್ರರೊಬ್ಬರು ಉದ್ದದ ಕಾಗದ ಬರೆದಿದ್ದಾರೆ. ಮನೆಯಲ್ಲಿ ಅಪ್ಪನ ಕಾಲದ ಕ್ಯಾಸೆಟ್ಟುಗಳು ಒಂದು ಪೆಟ್ಟಿಗೆ ತುಂಬ ಇವೆಯಂತೆ. ಅಣ್ಣಾವ್ರ ಹಾಡು, ಶಂಕರ್‌ನಾಗ್ ಚಿತ್ರಗಳ ಹಾಡು, ಜೊತೆಗೆ ಊರಿನ ಬಯಲಿನಲ್ಲಿ ಅಪ್ಪನೇ ತುಂಬಿಕೊಂಡ ನಾಲ್ಕು ಯಕ್ಷಗಾನ. ಸಿನಿಮಾ ಹಾಡುಗಳು ಕಂಪ್ಯೂಟರಿನಲ್ಲಿ ಎಂಪಿ3 ರೂಪದಲ್ಲೂ ಇವೆ. ಸದ್ದು ಸುಧಾರಿಸುವ ಸಾಫ್ಟ್‌ವೇರ್ ಹಾಕಿ, 24 ಬಿಟ್, 192 ಕಿಲೋಹರ್ಟ್ಸ್ ಅಂತ ಒತ್ತಿದರೆ ಸಾಫ್ಟ್‌ವೇರೇ ಗಪ್‌ಚಿಪ್! ಅಡಿಕೆ ಮಾರಿದ ದುಡ್ಡಿನಲ್ಲಿ ಹೊಸ ಸೌಂಡ್ ಕಾರ್ಡ್ ತರಲೇ, ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕಲೇ ಅನ್ನೋದು ಅವರ ಪ್ರಶ್ನೆ.

ತಡೀರಿ ಸ್ವಾಮಿ, ತಡೀರಿ! ಎರಡೂ ಬೇಡ. ಯಾಕೆ ಅಂತ ಹೇಳ್ತೀನಿ ಕೇಳಿ.

ಸಿನಿಮಾ ಕ್ಯಾಮೆರಾ ಸೆಕೆಂಡಿಗೆ 24 ಚಿತ್ರ ಹಿಡಿಯುತ್ತದೆ, ಗೊತ್ತಲ್ಲ? ಡಿಜಿಟಲ್ ಸದ್ದೂ ಅದೇ ಜಾತಿ. ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತಾರೋ ಅದೇ ಸ್ಯಾಂಪಲ್ ರೇಟ್. ಸಿನಿಮಾದಲ್ಲಿ ಸಾಮಾನ್ಯವಾಗಿ 48,000 ಸಲ. ಅಂದರೆ ತೆರೆಯ ಮೇಲಿನ ಒಂದೊಂದು ಚಿತ್ರಕ್ಕೆ 2,000 ಅಳತೆ! ಒಂದೊಂದು ಅಳತೆ ಎಷ್ಟು ಸೂಕ್ಷ್ಮ ಅನ್ನೋದನ್ನು ಹೇಳೋದು ಬಿಟ್. 16 ಬಿಟ್ ಅಂದರೆ 65,536 ಮೆಟ್ಟಿಲು, 24 ಬಿಟ್ ಅಂದರೆ 1 ಕೋಟಿ 67 ಲಕ್ಷಕ್ಕೂ ಮೇಲೆ.

ಮನುಷ್ಯನ ಕಿವಿಗೆ ಕೇಳೋದು ಹೆಚ್ಚೆಂದರೆ 20,000 ಹರ್ಟ್ಸ್. ಅದರ ಎರಡರಷ್ಟಕ್ಕಿಂತ ತುಸು ಹೆಚ್ಚು ಸಲ ಅಳೆದರೆ ಸಾಕು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಗೆ 44,100 ಅಂತ ಗೊತ್ತುಮಾಡಿದ್ದು ಈ ಲೆಕ್ಕದ ಮೇಲೆಯೇ. 16 ಬಿಟ್ಟಿನ ಹರವು 96 ಡೆಸಿಬೆಲ್. ನಿಮ್ಮ ಕ್ಯಾಸೆಟ್ಟಿನದು ಹೆಚ್ಚುಕಮ್ಮಿ 50-60. ಉಳಿದದ್ದು ಬರೀ ಸುಯ್ಯ್...!

ಸಾಫ್ಟ್‌ವೇರ್ ಮೌನವ್ರತ ಹಿಡಿದದ್ದೇಕೆ? ಕಂಪ್ಯೂಟರು ಎಲ್ಲ ಸದ್ದುಗಳನ್ನೂ ಬೆರೆಸಿ ಒಂದೇ ರೇಟಿಗೆ ತಂದು ಕಾರ್ಡಿಗೆ ಕಳಿಸುತ್ತದೆ. ಸುಧಾರಿಸುವ ಸಾಫ್ಟ್‌ವೇರ್ ಕೂತಿರೋದು ನಡುದಾರಿಯಲ್ಲಿ. 192 ಅಂದರೆ ಅದಕ್ಕೆ 48ರ ನಾಲ್ಕರಷ್ಟು ದುಡಿಮೆ. ಕೆಲವು 48 ಅಥವಾ 96ರವರೆಗೆ ಮಾತ್ರ ಓಡುವಂತೆ ತಯಾರಾಗಿರುತ್ತವೆ. ಅದನ್ನು ಮೀರಿದರೆ ಕೈಕಟ್ಟಿ ಕೂರುತ್ತವೆ. ಕಂಪ್ಯೂಟರಿನ ಸೌಂಡ್ ಸೆಟ್ಟಿಂಗ್‌ನಲ್ಲಿ 44,100 ಅಥವಾ 48,000 ಅಂತ, ಹಾಡಿನ ಫೈಲು ಯಾವುದೋ ಅದಕ್ಕೆ ಹೊಂದಿಸಿ. ಖರ್ಚು: ಸೊನ್ನೆ ರೂಪಾಯಿ!

ಇನ್ನು, 192 ಆದರೆ ಹಾಡಿಗೆ ಹೊಸ ಜೀವ ಬರುತ್ತದೆ ಅನ್ನುವ ಭ್ರಮೆ. ಒಂದು ಸೇರು ಅಕ್ಕಿಯನ್ನು ಹತ್ತು ಸೇರಿನ ಪಾತ್ರೆಗೆ ಸುರಿದರೆ ಹತ್ತು ಸೇರಾಗುತ್ತಾ? ಎಂಪಿ3 ಮಾಡುವಾಗ ಎಸೆದ ಸದ್ದು ಎಸೆದದ್ದೇ. ಹಾಗಾದರೆ ಸಾಫ್ಟ್‌ವೇರ್ ಹಾಕಿದಾಗ ಗೆಜ್ಜೆ, ತಾಳ ಜಣ್ ಅನ್ನೋದು ಹೇಗೆ? 1971ರ ಕಪ್ಪುಬಿಳುಪಿನ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ಹಚ್ಚಿಕೊಂಡು ಬಂತಲ್ಲ, ಹಾಗೆ. ನೋಡೋಕೆ ಚೆಂದವೇ. ಆದರೆ ಆ ಬಣ್ಣ ಕಂಪ್ಯೂಟರಿನ ಮುಂದೆ ಕೂತವರದು, ಕ್ಯಾಮೆರಾ ಕಂಡದ್ದಲ್ಲ. ಸಾಫ್ಟ್‌ವೇರ್ ಕೂಡ ಇರುವ ಸ್ವರದಿಂದ ಮೇಲಿನ ಸ್ವರವನ್ನು ಊಹಿಸಿ ಹಚ್ಚುತ್ತದೆ. ಖುಷಿಗೆ ಕೇಳಿ, ಬೇಡ ಅನ್ನಲ್ಲ.

ಹಾಗಂತ 24 ಬಿಟ್ ದಂಡವಲ್ಲ! ಅದರ ಉಪಯೋಗ ರೆಕಾರ್ಡ್ ಮಾಡುವಾಗ. ಕನ್ನಡದ ಹಾಡುಗಳ ರೆಕಾರ್ಡಿಂಗಿಗೆ ಬಹುತೇಕ ಮದ್ರಾಸಿಗೇ ಓಡುತ್ತಿದ್ದ ಕಾಲದಲ್ಲಿ ಶಂಕರ್‌ನಾಗ್ ಬೆಂಗಳೂರಿನಲ್ಲೇ ಸಂಕೇತ್ ಸ್ಟುಡಿಯೋ ಕಟ್ಟಿದರು. ದನಿ ಗೆಲ್ಲೋದೂ ಸೋಲೋದೂ ಮೈಕಿನ ಹತ್ತಿರ, ಆಮೇಲಿನ ಗುಂಡಿಗಳಲ್ಲಲ್ಲ.

ಈಗ ಮುಖ್ಯ ಮಾತು. ಆ ಪೆಟ್ಟಿಗೆಯ ಸಿನಿಮಾ ಹಾಡುಗಳು ನಾಳೆ ಎಲ್ಲಾದರೂ ಸಿಕ್ಕಾವು. ಅಪ್ಪ ತುಂಬಿಕೊಂಡ ಆ ಯಕ್ಷಗಾನ? ಆ ರಾತ್ರಿಯ ಭಾಗವತರ ದನಿ, ಆ ಚೆಂಡೆ, ನಡುವೆ ಕೆಮ್ಮಿದ ಊರಿನವರು... ಲೋಕದಲ್ಲಿ ಅದಕ್ಕೆ ಇರೋದು ಅದೊಂದೇ ಪ್ರತಿ! ಅದನ್ನು ಗುಜರಿಗೆ ಕೊಟ್ಟರೆ 192 ಅಲ್ಲ, 1,920 ಬಂದರೂ ವಾಪಸ್ ಬರಲ್ಲ.

ಹೀಗೆ ಮಾಡಿ. ಕ್ಯಾಸೆಟ್ಟಿನ ಬೆನ್ನಿನ ಎರಡು ಪುಟ್ಟ ಕಿವಿ ಮುರಿಯಿರಿ, ಅಪ್ಪಿತಪ್ಪಿ ಅಳಿಸಿಹೋಗದು. ಟೇಪ್‌ರೆಕಾರ್ಡರಿನ ಹೆಡ್ ಒರೆಸಿ. ವೈರಿನಲ್ಲಿ ಕಂಪ್ಯೂಟರಿನ ಲೈನ್ ಇನ್‌ಗೆ ಜೋಡಿಸಿ, 24 ಬಿಟ್, 48,000ದಲ್ಲಿ ತುಂಬಿಕೊಳ್ಳಿ. ಚೆಂಡೆಯ ಪೆಟ್ಟಿಗೂ ಮೀಟರು ಕೆಂಪಿಗೆ ಹೋಗದಷ್ಟು ಸದ್ದು ತಗ್ಗಿಸಿಡಿ. 24 ಬಿಟ್‌ನಲ್ಲಿ ಅಷ್ಟು ಜಾಗ ಇದೆ. ನಿಮಿಷಕ್ಕೆ ಸುಮಾರು 17 ಎಂಬಿ ಹಿಡಿಯುತ್ತದೆ, 192ರಲ್ಲಾದರೆ 69. ಆ ಮೂಲ ಫೈಲಿಗೆ ಯಾವ ಸುಧಾರಣೆಯನ್ನೂ ಮುಟ್ಟಿಸಬೇಡಿ. ಎರಡು ಕಡೆ ಪ್ರತಿ ಇಡಿ. ಬಾಸ್ ಏರಿಸೋದು, ಗುಂಯ್‌ಗುಟ್ಟಿಸೋದು ಎಲ್ಲ ನಕಲಿನ ಮೇಲೆ. ಬಾಸನ್ನು 6 ಡೆಸಿಬೆಲ್ ಏರಿಸಿದರೆ ಪ್ರೀಆಂಪನ್ನು 6 ಇಳಿಸಿ, ಇಲ್ಲವಾದರೆ ದನಿ ಒಡೆಯುತ್ತದೆ.

ಅಡಿಕೆಯ ದುಡ್ಡು ಉಳೀತು. ಅದರಲ್ಲಿ ಒಂದು ಒಳ್ಳೆ ಹೆಡ್‌ಫೋನ್ ತಗೊಳ್ಳಿ, ಮಿಕ್ಕಿದ್ದಕ್ಕೆ ಗೆಳೆಯರನ್ನು ಕಟ್ಟಿಕೊಂಡು ಪುತ್ತೂರಿಗೆ ಹೋಗಿ ಕನ್ನಡ ಸಿನಿಮಾ ನೋಡಿ. ಏನಂತೀರಿ?