ಆಕಾಶದ ದೂರ, ಮನೆಯ ದೂರ

2025ರ ಡಿಸೆಂಬರ್ 25ರಂದು ನವಿ ಮುಂಬಯಿಯ ಹೊಸ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಸಂಚಾರ ಆರಂಭವಾಯಿತು. ಅಂದು ಅಲ್ಲಿ ಮೊದಲು ಬಂದಿಳಿದ ಪ್ರಯಾಣಿಕ ವಿಮಾನ ಬೆಂಗಳೂರಿನಿಂದ ಬಂದುದೆಂಬುದು ಹೊರನಾಡ ಕನ್ನಡಿಗರಾದ ನಮಗೆ ಹರ್ಷದ ಸಂಗತಿಯೇ. ‘ಇನ್ನು ಊರು ಹತ್ತಿರವಾಯಿತು’ ಎಂಬ ಮಾತು ಠಾಣೆಯಿಂದ ಕಲ್ಯಾಣದವರೆಗೆ ನಮ್ಮವರ ಬಾಯಲ್ಲಿ ಕೇಳಿಬರುತ್ತಿದೆ. ಎಷ್ಟು ಹತ್ತಿರವೆಂದು ಒಮ್ಮೆ ಲೆಕ್ಕ ಹಾಕಿ ನೋಡುವುದು ಉಚಿತ.

ಮುಂಬಯಿಯಿಂದ ಮಂಗಳೂರಿಗೆ ಆಕಾಶಮಾರ್ಗದಲ್ಲಿ ಸುಮಾರು 710 ಕಿಲೋಮೀಟರ್. ಹಾರಾಟ ಒಂದೂವರೆ ಗಂಟೆಯ ಆಸುಪಾಸು. ಆದರೆ ನನ್ನ ವಾಸ ಡೊಂಬಿವಲಿಯಲ್ಲಿ, ಹುಟ್ಟೂರು ಕುಂದಾಪುರದ ಬಳಿ. ಮನೆಯಿಂದ ವಿಮಾನ ನಿಲ್ದಾಣಕ್ಕೆ ಎರಡು ಗಂಟೆ, ಅಲ್ಲಿನ ತಪಾಸಣೆಗೂ ಕಾಯುವಿಕೆಗೂ ಎರಡು, ಬಜ್ಪೆಯಲ್ಲಿಳಿದು ಸಾಮಾನು ಪಡೆದು ಊರು ಸೇರಲು ಮತ್ತೆ ಎರಡೂವರೆ. ಒಟ್ಟು ಎಂಟು ಗಂಟೆ! ಠಾಣೆಯಲ್ಲಿ ಮಧ್ಯಾಹ್ನ ಮತ್ಸ್ಯಗಂಧಾ ಹತ್ತಿದರೆ ಹನ್ನೆರಡು-ಹದಿಮೂರು ಗಂಟೆಗಳಲ್ಲಿ ಕುಂದಾಪುರ. ಹೊಸ ನಿಲ್ದಾಣ ಪನ್ವೇಲಿನವರಿಗೆ ಸಮೀಪವಾಗಿರಬಹುದು. ಕಲ್ಯಾಣ-ಶೀಲ್ ರಸ್ತೆಯ ವಾಹನದಟ್ಟಣೆಯನ್ನು ಬಲ್ಲ ನಮಗೆ ಆ ಸಾಮೀಪ್ಯದ ಬೆಲೆ ಗೊತ್ತು.

ನಾನು ಕೇಂದ್ರ ಸರ್ಕಾರದ ಸೇವೆಗೆ ಸೇರಿ ಇಲ್ಲಿಗೆ ಬಂದದ್ದು 1994ರಲ್ಲಿ. ಕೊಂಕಣ ರೈಲು ಪೂರ್ಣವಾಗಿ ರಾಷ್ಟ್ರಕ್ಕೆ ಸಮರ್ಪಿತವಾದದ್ದು 1998ರ ಮೇ 1ರಂದು. ಅದಕ್ಕೆ ಮುನ್ನ ಘಟ್ಟದ ತಿರುವುಗಳಲ್ಲಿ ಒಂದು ಹಗಲು, ಒಂದು ರಾತ್ರಿ ಬಸ್ಸಿನಲ್ಲಿ ಕುಲುಕಾಡಿ ಊರು ಸೇರುತ್ತಿದ್ದೆವು. ಅಷ್ಟು ಕಷ್ಟಪಟ್ಟು ಹೋದವರು ಹದಿನೈದು ದಿನವಾದರೂ ನಿಲ್ಲದೆ ಮರಳುತ್ತಿರಲಿಲ್ಲ. ಮಕ್ಕಳು ಅಜ್ಜಿಯ ಬಾಯಿಂದ ಭಾಷೆ ಕಲಿಯುತ್ತಿದ್ದುದು ಆ ಹದಿನೈದು ದಿನಗಳಲ್ಲೇ.

ಕೆಲವು ವರ್ಷಗಳ ಹಿಂದೆ ಕಾಯಿಲೆಯಲ್ಲಿದ್ದ ತಾಯಿಯನ್ನು ನೋಡಲು ಬೆಳಗಿನ ವಿಮಾನದಲ್ಲಿ ಹೋಗಿ ರಾತ್ರಿಯ ವಿಮಾನಕ್ಕೆ ಹಿಂತಿರುಗಿದೆ. ಚಪ್ಪಲಿ ಮೆಟ್ಟುತ್ತಿದ್ದಾಗ ಆಕೆ, ‘ನೀನು ಬಂದದ್ದೋ ಮಗಾ, ಹೋಗಲಿಕ್ಕೆಂದೇ ಬಂದದ್ದೋ?’ ಎಂದರು. ಕಡತಗಳಿಗೆ ಉತ್ತರ ಬರೆದೇ ಆಯುಷ್ಯ ಕಳೆದ ನನಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಅದೇ ನಮ್ಮ ಕೊನೆಯ ಭೇಟಿಯಾಯಿತು.

ವಿಮಾನವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಸಾವು-ನೋವಿನ ವೇಳೆಯಲ್ಲಿ ಅದು ವರವೇ ಸರಿ. ಅದಿಲ್ಲದಿದ್ದರೆ ಅಂದು ತಾಯಿಯ ಮುಖವನ್ನೂ ಕಾಣುತ್ತಿರಲಿಲ್ಲ. ತಪ್ಪು ವೇಗದ್ದಲ್ಲ, ಉಳಿತಾಯವಾದ ವೇಳೆಯನ್ನು ನಾವು ಕಚೇರಿಗೆ ಒಪ್ಪಿಸಿಬಿಟ್ಟಿರುವುದು. ಸರ್ಕಾರಿ ನೌಕರನ ಸೇವಾ ದಾಖಲೆಯಲ್ಲಿ ಸ್ವಂತ ಊರಿನ ಹೆಸರು ನಮೂದಾಗಿರುತ್ತದೆ. ಅಲ್ಲಿಗೆ ಹೋಗಿಬರಲು ರಿಯಾಯಿತಿಯೂ ಉಂಟು. ಆದರೆ ಅಲ್ಲಿ ಎಷ್ಟು ದಿನ ನಿಲ್ಲಬೇಕೆಂದು ಯಾವ ನಿಯಮವೂ ಹೇಳದು. ಅದನ್ನು ನಾವೇ ಹೇಳಿಕೊಳ್ಳಬೇಕು.

ಪ್ರಯಾಣದಲ್ಲಿ ಉಳಿದ ದಿನವನ್ನು ಊರಿನಲ್ಲೇ ಕಳೆಯೋಣ. ಬೇಸಗೆಯ ರಜೆಯಲ್ಲಿ ಮಕ್ಕಳನ್ನು ಒಂದು ವಾರವಾದರೂ ಅಲ್ಲಿ ಬಿಟ್ಟುಬರೋಣ. ಸಂಘದ ಸದಸ್ಯರೆಲ್ಲರೂ ಇಷ್ಟನ್ನು ನಿಶ್ಚಯಿಸಿಕೊಂಡರೆ, ಊರು ಹತ್ತಿರವಾಯಿತೆಂಬ ನಮ್ಮ ಮಾತಿಗೆ ಅರ್ಥ ಬಂದೀತು.