ಸೊಪ್ಪು ಮೇವೇ ಹೌದು, ಪೂರ್ತಿ ಊಟವಲ್ಲ

ರೇಷ್ಮೆ ಮನೆಯಲ್ಲಿ ಉಳಿದ ಹಿಪ್ಪುನೇರಳೆ ಸೊಪ್ಪಿದ್ದರೆ ಮೊಟ್ಟೆ ಕೋಳಿಗೆ ಫೀಡ್ ಕೊಳ್ಳುವುದೇ ಬೇಡ ಎಂಬ ಲೇಖನ ಓದಿದೆ. ಇದನ್ನು ನಂಬಿದ ರೈತ ಕೈಸುಟ್ಟುಕೊಳ್ಳುವುದು ಖಂಡಿತ.

ಒಣ ಸೊಪ್ಪಿನಲ್ಲಿ ಶೇ 15ರಿಂದ 25ರಷ್ಟು ಪ್ರೋಟೀನ್ ಇರುವುದು ನಿಜ. ಆದರೆ ನಾರು ಹೆಚ್ಚು, ಶಕ್ತಿ ಕಡಿಮೆ. ಕೋಳಿಗೇನು ಮೆಲುಕು ಹಾಕುವ ಹೊಟ್ಟೆಯಿದೆಯೇ? ದಿನಕ್ಕೆ ಸುಮಾರು 110 ಗ್ರಾಂ ತಿನ್ನುವ ಹಕ್ಕಿಗೆ ಸೊಪ್ಪನ್ನೇ ತುಂಬಿಸಿದರೆ ಮೆಕ್ಕೆಜೋಳಕ್ಕೆ ಜಾಗವೆಲ್ಲಿ? ಗಟ್ಟಿ ಚಿಪ್ಪಿಗೆ ಆಹಾರದಲ್ಲಿ ಶೇ 3.5ರಿಂದ 4ರಷ್ಟು ಕ್ಯಾಲ್ಸಿಯಂ ಬೇಕು; ಅದಕ್ಕೆ ಸುಣ್ಣಕಲ್ಲಿನ ಪುಡಿಯೋ ಕಪ್ಪೆಚಿಪ್ಪಿನ ಪುಡಿಯೋ ಬೇಕೇ ಬೇಕು. ಮೊಟ್ಟೆಯ ಹಳದಿ ಗಾಢವಾದದ್ದನ್ನು ಲೇಖಕರು ಪೌಷ್ಟಿಕತೆಯ ಪುರಾವೆ ಎನ್ನುತ್ತಾರೆ. ಆ ಬಣ್ಣ ಸೊಪ್ಪಿನ ಕ್ಸಾಂಥೋಫಿಲ್‌ನದು, ಪ್ರೋಟೀನಿನದಲ್ಲ.

ಹುಳುವಿನ ಹಾಸಿಗೆಯ ಕಸವನ್ನೂ ಹಾಕಿ ಎಂಬ ಸಲಹೆಯಂತೂ ಅಪಾಯಕಾರಿ. ಅದರಲ್ಲಿ ಸುಣ್ಣ, ಸೋಂಕುನಿವಾರಕ ಪುಡಿ, ರೋಗದಿಂದ ಸತ್ತ ಹುಳು ಎಲ್ಲವೂ ಇರಬಹುದು. ಅದು ಸೇರಬೇಕಾದದ್ದು ಗೊಬ್ಬರದ ಗುಂಡಿಗೆ.

ಔಷಧಿ ಹೊಡೆಯದ, ಹುಳುವಿಗೆ ಹಾಕದೆ ಮಿಕ್ಕ ಸೊಪ್ಪನ್ನು ನೆರಳಲ್ಲಿ ಒಣಗಿಸಿ ಪುಡಿಮಾಡಿ, ಫೀಡಿನಲ್ಲಿ ಶೇ 5ರಷ್ಟು ಬೆರೆಸಿ ನೋಡಲಿ. ಖರ್ಚು ಸ್ವಲ್ಪ ಇಳಿದೀತು. ಅದಕ್ಕಿಂತ ಹೆಚ್ಚಿನ ಭರವಸೆ ಕೊಡುವವರು ಮೊದಲು ಮೊಟ್ಟೆಯ ಲೆಕ್ಕ ತೋರಿಸಲಿ.